ಕೆಸರುಗದ್ದೆಯ ಮರದ ಮೆಟ್ಟು

ಗಾಜಿನ ಪೆಟ್ಟಿಗೆಯೊಳಗೆ ಒಂದು ಮರದ ಹಲಗೆ ಮಲಗಿತ್ತು. ಅಂಗಾಲಿಗಿಂತ ಬಹಳ ಅಗಲ, ಅಂಚು ಸವೆದಿದೆ, ಹುರಿ ಪೋಣಿಸಲು ಕೊರೆದ ತೂತುಗಳಿವೆ. ಬಣ್ಣ ಹೊಗೆ ಕುಡಿದ ಹಳೆಯ ಜಂತಿಯ ಹಾಗೆ ಕಪ್ಪು. ಜಪಾನಿನ ಶಿಜುವೊಕಾ ನಗರದ ತೊರೊ ವಸ್ತುಸಂಗ್ರಹಾಲಯದಲ್ಲಿ ನಾನು ಅದರ ಮುಂದೆ ನಿಂತಿದ್ದಾಗ ಎಂಬತ್ತು ದಾಟಿದ ಒಬ್ಬ ಅಜ್ಜ ಮೊಮ್ಮಗನ ಕೈಹಿಡಿದು ಬಂದರು. ಹುಡುಗ ಬಗ್ಗಿ ಕೆಳಗಿನ ಚೀಟಿ ಓದತೊಡಗಿದ. ಅಜ್ಜ ಚೀಟಿಯ ಕಡೆ ನೋಡಲೇ ಇಲ್ಲ. ಹಲಗೆಯನ್ನು ಕಂಡವರೇ ಎರಡು ಹೆಜ್ಜೆ ಹಿಂದೆ ಸರಿದು, ಕಾಲು ಅಗಲಿಸಿ, ಎರಡೂ ಕೈಯಲ್ಲಿ ಕಾಣದ ಹಗ್ಗ ಹಿಡಿದು, ಒಂದೊಂದೇ ಪಾದವನ್ನು ಎತ್ತೆತ್ತಿ ಇಡುತ್ತ ಆ ನುಣುಪು ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದು ತೋರಿಸಿದರು. ಮೊಮ್ಮಗ ನಕ್ಕ. ನನಗೆ ನಗು ಬರಲಿಲ್ಲ. ಅವರ ಮಾತು ಒಂದೂ ತಿಳಿಯದಿದ್ದರೂ ನಡಿಗೆ ತಿಳಿಯಿತು. ಮೊಣಕಾಲು ಮುಳುಗುವ ಹುದುಲಿನಲ್ಲಿ ಕಾಲು ಕಿತ್ತಿಡುವವರು ಹಾಗೆಯೇ ನಡೆಯುತ್ತಾರೆ. ತೀರ್ಥಹಳ್ಳಿ ಸೀಮೆಯ ನಮ್ಮ ಬೈಲುಗದ್ದೆಯಲ್ಲಿ ಅಪ್ಪ, ಕಾಲಿಗೆ ಹಲಗೆ ಇಲ್ಲದೆಯೂ, ಹಾಗೆಯೇ ನಡೆಯುತ್ತಿದ್ದರು.

ಆ ಹಲಗೆಗೆ ಜಪಾನಿನವರು ತಾಗೆತಾ ಅನ್ನುತ್ತಾರೆ. ತಾ ಎಂದರೆ ಗದ್ದೆ, ಗೆತಾ ಎಂದರೆ ಮರದ ಮೆಟ್ಟು. ಹುದುಲಿನಲ್ಲಿ ಆಳು ಹೂತುಹೋಗದಿರಲೆಂದು ಪಾದಕ್ಕೆ ಕಟ್ಟಿಕೊಳ್ಳುವ ಹಾವುಗೆ. ಇದರದೇ ಇನ್ನೊಂದು ರೂಪ ಓಆಶಿ, ಅಂದರೆ ದೊಡ್ಡ ಕಾಲು. ಅದು ಮರದ ಚೌಕಟ್ಟು. ಮುಂದಿನಿಂದ ಬರುವ ಹಗ್ಗವನ್ನು ಕೈಯಲ್ಲಿ ಹಿಡಿದೆತ್ತುತ್ತ ಹಸಿಸೊಪ್ಪನ್ನು ಕೆಸರಿನೊಳಕ್ಕೆ ತುಳಿಯಬೇಕು. ಅಜ್ಜ ತೋರಿಸಿದ್ದು ಈ ದೊಡ್ಡ ಕಾಲಿನ ನಡಿಗೆ. ಗಾಜಿನೊಳಗಿನ ಹಲಗೆಗೆ ಸುಮಾರು ಎರಡು ಸಾವಿರ ವರ್ಷ. ಅಜ್ಜನ ಕಾಲಿಗೆ ನೆನಪಿದ್ದದ್ದು ಅವರ ಹುಡುಗತನದ್ದು. ಆ ಎರಡರ ನಡುವೆ ಎಳೆ ಹರಿದಿರಲಿಲ್ಲ. ಮೊಮ್ಮಗನ ಹೊತ್ತಿಗೆ ಹರಿದುಹೋಗಿತ್ತು. ಅವತ್ತಿನಿಂದ ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವುದು ಇದೇ.

ತೊರೊ ಎಂಬುದು ಶಿಜುವೊಕಾ ರೈಲು ನಿಲ್ದಾಣದ ದಕ್ಷಿಣಕ್ಕೆ, ಸುರುಗಾ ಕೊಲ್ಲಿಯ ದಿಕ್ಕಿಗೆ ಇರುವ ತಗ್ಗು ಬಯಲು. ಅಬೆ ನದಿ ಯುಗಯುಗಗಳಿಂದ ತಂದು ಹಾಸಿದ ಮಣ್ಣು ಅದು. 1943ರಲ್ಲಿ, ಯುದ್ಧ ಉರಿಯುತ್ತಿದ್ದಾಗ, ಅಲ್ಲಿ ಯುದ್ಧವಿಮಾನಗಳ ಪ್ರೊಪೆಲ್ಲರ್ ತಯಾರಿಸುವ ಕಾರ್ಖಾನೆ ಕಟ್ಟಲು ಹೊರಟರು. ಗದ್ದೆಯ ಮಣ್ಣು ಅಗೆದು ನೆಲ ಎತ್ತರಿಸುವಾಗ ಮಡಕೆ ಚೂರು ಬಂದವು, ಮರದ ಸಾಮಾನು ಬಂದವು, ನೆಲಕ್ಕೆ ಹೊಡೆದ ಹಲಗೆಗಳ ಸಾಲು ಬಂತು. ಮೈನಿಚಿ ಪತ್ರಿಕೆಯ ವರದಿಗಾರ ಮೊರಿ ಯುತಾಕಾ ಸುದ್ದಿ ಬರೆದರು. ಅವಸರದ ಒಂದು ಸಣ್ಣ ಪರಿಶೀಲನೆಯೂ ನಡೆಯಿತು. ಯುದ್ಧದ ಹೊತ್ತಿನಲ್ಲಿ ಹಳೆಯ ಸಲಿಕೆಗೆ ಅದಕ್ಕಿಂತ ಹೆಚ್ಚು ಬಿಡುವು ಯಾರಿಗಿರುತ್ತದೆ? 1945ರ ಜೂನ್ 19ರ ರಾತ್ರಿ ಅಮೆರಿಕದ ಬಾಂಬುಗಳು ಬಿದ್ದು ಶಿಜುವೊಕಾ ಪಟ್ಟಣವೇ ಸುಟ್ಟುಹೋಯಿತು. ಎರಡು ತಿಂಗಳಲ್ಲಿ ಯುದ್ಧ ಮುಗಿಯಿತು.

ಸೋತ ದೇಶ 1947ರ ಜುಲೈ 13ರಂದು ಆ ಗದ್ದೆಗೆ ಮರಳಿ ಇಳಿಯಿತು. ಪುರಾತತ್ವದವರ ಜೊತೆಗೆ ಭೂವಿಜ್ಞಾನ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ವಾಸ್ತುಶಿಲ್ಪ, ಬೇಸಾಯ ಬಲ್ಲವರು ಒಂದೇ ಹೊಂಡದ ಸುತ್ತ ಕೂತರು. ಇಂಥ ಕೂಟ ಜಪಾನಿನಲ್ಲಿ ಅದೇ ಮೊದಲು. ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಬಂದರು, ಊರಿನ ಶಾಲೆಯ ಹುಡುಗ ಹುಡುಗಿಯರು ಮಣ್ಣು ಹೊತ್ತರು. ಮರುವರ್ಷ, 1948ರಲ್ಲಿ, ಜಪಾನ್ ಪುರಾತತ್ವ ಸಂಘ ಹುಟ್ಟಿದ್ದೇ ಈ ಅಗೆತದ ಬೆನ್ನಿಗೆ. 1950ರವರೆಗೆ ಕೆಲಸ ನಡೆಯಿತು.

1947ರ ಆ ಬೇಸಿಗೆಯ ಹಸಿವನ್ನು ನೆನೆಯದೆ ಈ ಕತೆ ಹೇಳಲಾಗದು. ಅಕ್ಕಿಗೆ ಪಡಿತರ, ಪಡಿತರದಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಕಾಳಸಂತೆಯ ಅಕ್ಕಿ ಉಣ್ಣುವುದಿಲ್ಲವೆಂದು ಹಟ ಹಿಡಿದ ತೋಕಿಯೊದ ನ್ಯಾಯಾಧೀಶ ಯಮಾಗುಚಿ ಯೊಶಿತಾದಾ ಅದೇ ವರ್ಷ ಅಕ್ಟೋಬರ್ 11ರಂದು ಹಸಿವಿನಿಂದ ಸೊರಗಿ ತೀರಿಕೊಂಡರು. ಅವರಿಗೆ 33 ವರ್ಷ. ಅಂಥ ವರ್ಷದಲ್ಲಿ ಹೊಟ್ಟೆಗಿಲ್ಲದ ಮಕ್ಕಳು ಒಂದು ಹಳೆಯ ಊರಿನ ಕಣಜದ ಕಂಬಗಳನ್ನು ಮಣ್ಣಿನಿಂದ ಬಿಡಿಸಿದರು. ಕರಿಕಾದ ಅಕ್ಕಿಕಾಳು ಸಿಕ್ಕಿದವು. ಅವನ್ನು ಅಂಗೈಯಲ್ಲಿ ಹಿಡಿದ ಹುಡುಗಿಗೆ ಏನನ್ನಿಸಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆ ಮಕ್ಕಳು ಯುದ್ಧ ಮುಗಿಯುವ ತನಕ ಇತಿಹಾಸದ ಮೊದಲ ಪಾಠವಾಗಿ ಓದಿದ್ದು ದೇವರುಗಳು ಇಳಿದು ಬಂದ ಕತೆ, ಚಕ್ರವರ್ತಿಯ ವಂಶ ಹುಟ್ಟಿದ ಕತೆ. 1946ರಲ್ಲಿ ಬಂದ ಹೊಸ ಪಠ್ಯಪುಸ್ತಕ ಮೊದಲ ಬಾರಿಗೆ ಕಲ್ಲಿನ ಆಯುಧ, ಮಡಕೆಗಳಿಂದ ಶುರುವಾಯಿತು. ತೊರೊ ಆ ಪಾಠಕ್ಕೆ ಮೈ ಕೊಟ್ಟಿತು. ಅಲ್ಲಿ ಅರಮನೆ ಇರಲಿಲ್ಲ, ಕಿರೀಟ ಇರಲಿಲ್ಲ. ಹನ್ನೆರಡು ಮನೆ, ಎರಡು ಕಣಜ, ಅದರಾಚೆ ಗದ್ದೆ. ನಮ್ಮ ಹಿರಿಯರು ಅಂದರೆ ಇವರು, ಕೆಸರು ತುಳಿದವರು, ಎಂದು ಒಂದು ಇಡೀ ಪೀಳಿಗೆಗೆ ಆ ಹೊಂಡದ ದಂಡೆಯಲ್ಲಿ ನಿಂತಾಗ ಗೊತ್ತಾಯಿತು. ಮುರಿದುಬಿದ್ದ ದೇಶಕ್ಕೆ ಅದು ಎಂಥ ಸಮಾಧಾನವಾಗಿದ್ದಿರಬೇಕು!

ಇನ್ನು ಆ ಊರನ್ನು ಕೊಂಚ ನಿಧಾನವಾಗಿ ಸುತ್ತೋಣ. ಯಾಯೊಯಿ ಎಂದು ಕರೆಯುವ ಕಾಲ ಅದು. 1884ರಲ್ಲಿ ತೋಕಿಯೊದ ಯಾಯೊಯಿ ಎಂಬ ಕೇರಿಯಲ್ಲಿ ಸಿಕ್ಕ ಒಂದು ಮಡಕೆಯಿಂದ ಆ ಯುಗಕ್ಕೇ ಹೆಸರು ಬಂತು. ನೀರು ನಿಲ್ಲಿಸಿ ಭತ್ತ ಬೆಳೆಯುವ ವಿದ್ಯೆ ಏಷ್ಯಾದ ನೆಲದಿಂದ ಕ್ಯೂಷು ದ್ವೀಪಕ್ಕೆ ದಾಟಿ, ಅಲ್ಲಿಂದ ಮೂಡಲಿಗೂ ಬಡಗಲಿಗೂ ಹರಡಿದ ಯುಗ. ಉತ್ತರದ ಆಒಮೊರಿ ಪ್ರಾಂತದ ತಾರೆಯಾನಗಿಯಲ್ಲಿ 656 ಪುಟ್ಟ ಗದ್ದೆಗಳು ಸಿಕ್ಕಿವೆ, ಅವುಗಳ ಕೆಸರಿನಲ್ಲಿ ಜನರ ಹೆಜ್ಜೆ ಗುರುತು ಹಾಗೆಯೇ ಉಳಿದಿವೆ. ತೊರೊದ ಊರು ಬಾಳಿದ್ದು ಕ್ರಿಸ್ತಶಕದ ಮೊದಲ ಶತಮಾನದ ಆಸುಪಾಸು.

ಬೇರೆ ಕಡೆ ಆ ಕಾಲದವರು ನೆಲ ಅಗೆದು, ಗುಂಡಿಯೊಳಗೆ ಮನೆ ಕಟ್ಟಿ, ಮೇಲೆ ಹುಲ್ಲು ಹೊದಿಸುತ್ತಿದ್ದರು. ತೊರೊದಲ್ಲಿ ಅಗೆದರೆ ನೀರು ಜಿನುಗುತ್ತದೆ. ಹಾಗಾಗಿ ನೆಲದ ಮಟ್ಟದಲ್ಲೇ ಮೊಟ್ಟೆಯಾಕಾರದ ಜಾಗ ಬಿಟ್ಟು, ಸುತ್ತ ಮಣ್ಣಿನ ದಿಣ್ಣೆ ಏರಿಸಿ, ಅದು ಜರಿಯದಂತೆ ಹಲಗೆ ಕೊಟ್ಟು, ನಡುವೆ ಒಲೆ ಹೂಡಿದರು. ಕಣಜಗಳು ಕಂಬದ ಮೇಲೆ ನಿಂತಿದ್ದವು. ಒಂದೇ ದಿಮ್ಮಿಯಲ್ಲಿ ಕಚ್ಚು ಕೊರೆದ ಏಣಿ ಹತ್ತಿ ಒಳಗೆ ಹೋಗಬೇಕು. ಪ್ರತಿ ಕಂಬದ ತಲೆಯ ಹತ್ತಿರ ಒಂದು ಅಗಲ ಹಲಗೆ ಅಡ್ಡ ಸಿಕ್ಕಿಸಿದ್ದಾರೆ. ಕಂಬ ಹತ್ತಿ ಬಂದ ಇಲಿ ಆ ಹಲಗೆಯ ಕೆಳಗೆ ತಲೆ ಬಡಿದುಕೊಂಡು ವಾಪಸು ಹೋಗಬೇಕು. ಭತ್ತ ಬೆಳೆದವರಿಗೆಲ್ಲ ಇಲಿಯ ಚಿಂತೆ ಒಂದೇ. ನಮ್ಮ ಪಣತದ ಬಾಗಿಲ ಸಂದಿಗೆ ಅಜ್ಜಿ ತಗಡು ಹೊಡೆಸಿದ್ದು ಆ ಹಲಗೆಯನ್ನು ನೋಡಿದಾಗ ನೆನಪಾಯಿತು.

ಗದ್ದೆ 70,000 ಚದರ ಮೀಟರಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ 17 ಎಕರೆಗೂ ಮಿಗಿಲು. ಹನ್ನೆರಡು ಮನೆಯ ಜನ ಹೊಲಿಗೆ ಹಾಕಿದಂತೆ ಅದರ ಅಂಚುಗಳನ್ನು ಕಟ್ಟಿದ್ದರು. ಜೌಗು ನೆಲದಲ್ಲಿ ಬರಿಯ ಮಣ್ಣಿನ ಅಂಚು ನಿಲ್ಲುವುದಿಲ್ಲ. ಅದಕ್ಕೆ ಸುಗಿ ಮರದ ಹಲಗೆಗಳನ್ನು ಒತ್ತೊತ್ತಾಗಿ ನೆಲಕ್ಕೆ ಹೊಡೆದರು, ಕಾಲುವೆಯ ಎರಡು ದಡಕ್ಕೂ ಹೊಡೆದರು. ಆ ಒಂದೊಂದು ಹಲಗೆಯನ್ನೂ ಮರದಿಂದ ಸೀಳಿ ತೆಗೆಯಬೇಕಿತ್ತು. ಎಷ್ಟು ಸಾವಿರ ಹಲಗೆ, ಎಷ್ಟು ಮಳೆಗಾಲ, ಎಷ್ಟು ತೋಳು! ಅಂಚು ಕಟ್ಟಿದ ಅನುಭವ ಇದ್ದವರಿಗೆ ಮಾತ್ರ ಇದರ ಭಾರ ಗೊತ್ತಾಗುತ್ತದೆ ಎಂದು ನಾನು ನಂಬಿದ್ದೇನೆ. 1999ರಿಂದ 2003ರವರೆಗೆ ಮತ್ತೊಮ್ಮೆ ಅಗೆದಾಗ, ದೊಡ್ಡ ಗದ್ದೆಗಳೆಂದು ಮೊದಲು ಎಣಿಸಿದ್ದವುಗಳ ಒಳಗೆ ಸಣ್ಣ ಸಣ್ಣ ಅಂಚುಗಳ ಮಡಿಗಳು ಕಂಡವು. ಇಳಿಜಾರು ಕಡಿಮೆ ಇದ್ದಲ್ಲಿ ನೀರನ್ನು ಸಮನಾಗಿ ನಿಲ್ಲಿಸಬೇಕಾದರೆ ಹಾಗೆಯೇ ಮಾಡಬೇಕು.

ಒನಕೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಉದ್ದನೆಯ ಮರ, ನಡುವೆ ಹಿಡಿ ತೆಳ್ಳಗೆ, ಎರಡು ತುದಿ ದಪ್ಪ. ಪಕ್ಕದಲ್ಲಿ ಮರದ ಒರಳು. ತೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ, ಕಗಾವಾ ಸೀಮೆಯಲ್ಲಿ ಸಿಕ್ಕಿದ್ದೆಂದು ಹೇಳುವ ಒಂದು ಕಂಚಿನ ಗಂಟೆ ಇದೆ. ಅದರ ಮೈಮೇಲೆ ಅದೇ ಯಾಯೊಯಿ ಕಾಲದ ಪುಟ್ಟ ಗೀರುಚಿತ್ರಗಳು. ಒಂದರಲ್ಲಿ ಕಂಬದ ಮೇಲಿನ ಕಣಜ, ಏಣಿ ಸಮೇತ. ಇನ್ನೊಂದರಲ್ಲಿ ಒಂದೇ ಒರಳಿನ ಆಚೆ ಈಚೆ ನಿಂತು ಇಬ್ಬರು ಸರದಿಯ ಮೇಲೆ ಒನಕೆ ಹಾಕುತ್ತಿದ್ದಾರೆ. ಜೋಡಿ ಒನಕೆ! ಒಬ್ಬಳದು ಮೇಲೆದ್ದಾಗ ಇನ್ನೊಬ್ಬಳದು ಬೀಳಬೇಕು. ತಾಳ ತಪ್ಪಿದರೆ ಮರಕ್ಕೆ ಮರ ಬಡಿಯುತ್ತದೆ. ಚಿಕ್ಕಮ್ಮ ಮತ್ತು ಅಮ್ಮ ಹಬ್ಬದ ಅವಲಕ್ಕಿ ಕುಟ್ಟುತ್ತಿದ್ದ ಸದ್ದು ಆ ಮೂಕ ಗೀರುಗಳಿಂದ ನನ್ನ ಕಿವಿಗೆ ಬಂತು.

1947ರ ಅಗೆತದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಮುಟ್ಟುವ ಸಂಗತಿಯೂ ಇದೇ. ಅವತ್ತು ಮಣ್ಣಿನಿಂದ ಎದ್ದ ಗುದ್ದಲಿ, ಸಲಿಕೆ, ಒನಕೆ, ಗದ್ದೆಮೆಟ್ಟು, ಇವುಗಳ ಬಂಧುಗಳು ಜಪಾನಿನ ಹಳ್ಳಿಮನೆಗಳಲ್ಲಿ ಆಗಿನ್ನೂ ಬಳಕೆಯಲ್ಲಿದ್ದವು. ಅದೇ ಶಿಜುವೊಕಾ ಪ್ರಾಂತದ ಪೂರ್ವಕ್ಕೆ, ಫುಜಿ ಪರ್ವತದ ತಪ್ಪಲಿನ ಕೆಳಗೆ, ಉಕಿಶಿಮಾಗಹಾರಾ ಎಂಬ ಜೌಗು ಬಯಲಿದೆ. ಅಲ್ಲಿನ ಗದ್ದೆಗೆ ಇಳಿದರೆ ಎದೆಮಟ್ಟ ಹೂಳುವ ಜಾಗಗಳಿದ್ದವು. ಇಪ್ಪತ್ತನೆಯ ಶತಮಾನದಲ್ಲೂ ಅಲ್ಲಿಯ ರೈತರು ಪಾದಕ್ಕೆ ಹಲಗೆ ಕಟ್ಟಿಕೊಂಡೇ ನಾಟಿಗೆ ಇಳಿಯುತ್ತಿದ್ದರು. ಎರಡು ಸಾವಿರ ವರ್ಷಗಳಲ್ಲಿ ಎಷ್ಟು ರಾಜ್ಯಗಳು ಬಂದವು, ಸಮುರಾಯ್‌ಗಳು ಬಂದರು, ಕಬ್ಬಿಣದ ಹಡಗು ಬಂತು, ಅಣುಬಾಂಬು ಬಿತ್ತು. ಆ ಹಲಗೆಯ ತೂತಿಗೆ ಹುರಿ ಪೋಣಿಸುವ ಕೈ ಮಾತ್ರ ಮರೆಯದೆ ಬಂದಿತ್ತು. ಮಣ್ಣಿನೊಳಗಿನ ವಸ್ತುವನ್ನು ನೋಡಿ ಇದು ಹೀಗೆ ಎಂದು ಹೇಳಬಲ್ಲವರು ಗದ್ದೆಯ ದಂಡೆಯಲ್ಲೇ ಇದ್ದರು. ಪುರಾತತ್ವಕ್ಕೆ ಇಂಥ ಭಾಗ್ಯ ಎಲ್ಲ ಕಡೆ ಸಿಗುವುದಿಲ್ಲ.

ಆಮೇಲೆ ಆದದ್ದು ಬಹಳ ಬೇಗ ಆಯಿತು. ಜೌಗು ಗದ್ದೆಗಳ ನೀರು ಬಸಿದರು, ಗದ್ದೆಗಳನ್ನು ಸಮಮಾಡಿ ಚೌಕಗೊಳಿಸಿದರು. ಟಿಲ್ಲರ್ ಬಂತು, ನಾಟಿ ಯಂತ್ರ ಬಂತು. ಗದ್ದೆಯೇ ಗಟ್ಟಿಯಾದ ಮೇಲೆ ಗದ್ದೆಮೆಟ್ಟಿಗೆ ಕೆಲಸವೇನು? ರೈತರ ಸೊಂಟಕ್ಕೆ ಸುಖವಾಯಿತು, ಹೆಂಗಸರ ಬೆನ್ನಿಗೆ ಬಿಡುಗಡೆಯಾಯಿತು. ಅದನ್ನು ನಾನು ಕೆಟ್ಟದ್ದೆಂದು ಹೇಳಲಾರೆ. ಎದೆಮಟ್ಟ ಕೆಸರಿನಲ್ಲಿ ನಿಂತು ನಾಟಿ ಮಾಡಿದವರು ಆ ಬಾಳು ಮಕ್ಕಳಿಗೆ ಬೇಡ ಅಂದಿದ್ದರೆ ಅದು ನ್ಯಾಯವೇ. ಆದರೆ ಹಲಗೆಯ ಜೊತೆ ಹಲಗೆಯ ಹೆಸರೂ ಹೋಯಿತು, ಯಾವ ಮರದಿಂದ ಮಾಡಬೇಕೆಂಬ ತಿಳಿವಳಿಕೆ ಹೋಯಿತು, ಹುರಿ ಎಷ್ಟು ಬಿಗಿಯಿರಬೇಕೆಂಬ ಅಂದಾಜು ಹೋಯಿತು. ಭತ್ತದ ಹುಲ್ಲಿನಲ್ಲಿ ಹೆಣೆಯುತ್ತಿದ್ದ ಅಕ್ಕಿಮೂಟೆ ತವಾರಾ, ನಮ್ಮ ಕರಾವಳಿಯ ಅಕ್ಕಿಮುಡಿಯ ಸೋದರಿ, ಕಾಗದದ ಚೀಲಕ್ಕೆ ಸೋತಿತು. ಹುಲ್ಲಿನ ಮಳೆಯಂಗಿ ಮಿನೋ, ನಮ್ಮ ಗೊರಬಿನಂತೆಯೇ, ಪ್ಲಾಸ್ಟಿಕ್ಕಿಗೆ ಸೋತಿತು.

ಅನ್ನವೂ ಹಿಂದೆ ಸರಿಯಿತು. 1962ರಲ್ಲಿ ಒಬ್ಬ ಜಪಾನಿ ವರ್ಷಕ್ಕೆ ಸರಾಸರಿ 118 ಕಿಲೋ ಅಕ್ಕಿ ಉಣ್ಣುತ್ತಿದ್ದ. ಈಗ ಅದು ಅರ್ಧಕ್ಕೂ ಕಡಿಮೆ. ಅಕ್ಕಿ ಹೆಚ್ಚಾಯಿತೆಂದು 1970ರ ದಶಕದ ಮೊದಲಿಂದ ಸರ್ಕಾರವೇ ಗದ್ದೆ ಬೀಳುಬಿಡಿ, ಬೇರೆ ಬೆಳೆ ಹಾಕಿ ಎಂದು ಹಣ ಕೊಟ್ಟು ಹೇಳತೊಡಗಿತು. ಆ ನೀತಿ 2018ರ ತನಕ ನಡೆಯಿತು. 2020ರ ಗಣತಿಯಲ್ಲಿ ಬೇಸಾಯವೇ ಮುಖ್ಯ ಕಸುಬಾಗಿ ಉಳಿದವರು 13.6 ಲಕ್ಷ, ಅವರ ಸರಾಸರಿ ವಯಸ್ಸು 67.8. ಈ ಅಂಕಿಯನ್ನು ಓದಿದಾಗ ನನಗೆ ಕಾಣುವುದು ಕೋಷ್ಟಕವಲ್ಲ, ಬಾಗಿದ ಬೆನ್ನಿನ ಒಂದು ಸಾಲು. ತೊರೊದ ಗದ್ದೆಯನ್ನು ಅಬೆ ನದಿಯ ನೆರೆ ಮುಚ್ಚಿತ್ತು. ನೆರೆ ಇಳಿದ ಮೇಲೆ ಅದೇ ಜನ, ಅಥವಾ ಅವರ ಮಕ್ಕಳು, ಮರಳಿ ಬಂದು ಅದೇ ಬಯಲಿನಲ್ಲಿ ಮನೆ ಕಟ್ಟಿದ ಗುರುತುಗಳಿವೆ. ಈಗ ಬೇಸಾಯ ಬಿಟ್ಟು ಊರಿನಿಂದ ಹೋದ ಮಕ್ಕಳು ಹಾಗೆ ಮರಳುತ್ತಿಲ್ಲ.

ವಸ್ತುಸಂಗ್ರಹಾಲಯದ ತಾರಸಿ ಹತ್ತಿದರೆ ಇಡೀ ನೆಲೆ ಕಾಣುತ್ತದೆ. ಆಕಾಶ ತಿಳಿಯಾಗಿದ್ದರೆ ಫುಜಿಯೂ ಕಾಣುತ್ತದೆ, ಅವತ್ತು ನನಗೆ ಕಂಡಿತು. ಕೆಳಗೆ ಹುಲ್ಲು ಹೊದಿಸಿದ ನಾಲ್ಕಾರು ಮನೆಗಳು, ಕಣಜ, ಒಂದಿಷ್ಟು ಗದ್ದೆ. ಅದರ ಬೇಲಿಯಾಚೆ ಎಲ್ಲೆಲ್ಲೂ ಪಟ್ಟಣದ ಚಾವಣಿಗಳು, ತಂತಿಗಳು, ನಿಲ್ಲಿಸಿದ ಕಾರುಗಳು. 1947ರಲ್ಲಿ ಅಗೆದವರು ತಲೆಯೆತ್ತಿದಾಗ ಸುತ್ತ ಗದ್ದೆ ಕಾಣುತ್ತಿತ್ತು, ಅಂದರೆ ಹಳೆಯ ಗದ್ದೆ ಹೊಸ ಗದ್ದೆಯ ಕೆಳಗೇ ಇತ್ತು. ಈಗ ಮೇಲಿನದೇ ಇಲ್ಲ. ದಕ್ಷಿಣಕ್ಕೆ ತೋಮೆಯ್ ಹೆದ್ದಾರಿ ಓಡುತ್ತದೆ. ಅದಕ್ಕಾಗಿ 1965ರಲ್ಲಿ ಅಗೆದಾಗ ಆ ಕಡೆಯೂ ಪುರಾತನ ಗದ್ದೆ ಹಬ್ಬಿತ್ತೆಂದು ತಿಳಿಯಿತು. ಅಳತೆ ಬರೆದುಕೊಂಡರು, ಆಮೇಲೆ ರಸ್ತೆ ಬಂತು. ಲಾರಿಗಳ ಸದ್ದು ತಾರಸಿಗೂ ಕೇಳುತ್ತದೆ.

ತೊರೊದ ಹೆಸರೂ ಮಾಸಿದೆ. 1952ರಲ್ಲಿ ತೊರೊಗೆ ವಿಶೇಷ ಐತಿಹಾಸಿಕ ತಾಣದ ಮನ್ನಣೆ ಸಿಕ್ಕಿತು, ಮಕ್ಕಳ ಪಠ್ಯದಲ್ಲಿ ಅದಕ್ಕೆ ಜಾಗವಿತ್ತು, ವಾಸ್ತುಶಿಲ್ಪಿ ಸೆಕಿನೊ ಮಸಾರು ಮರುಕಟ್ಟಿದ ಹುಲ್ಲುಮನೆಯನ್ನು ನೋಡಲು ಶಾಲಾ ಪ್ರವಾಸಗಳು ಬರುತ್ತಿದ್ದವು. 1989ರಲ್ಲಿ ಕ್ಯೂಷುವಿನ ಯೋಶಿನೊಗಾರಿ ಸುದ್ದಿಯಾಯಿತು. ಅಲ್ಲಿ ಕಂದಕ, ಕಾವಲುಗೋಪುರದ ಕುರುಹು, ರುಂಡವಿಲ್ಲದ ಅಸ್ಥಿ, ದೊರೆಯ ಸಮಾಧಿ. ಜನರ ಕಣ್ಣು ಅತ್ತ ಹೊರಳಿತು. ಯುದ್ಧ ಮಾಡಿದ ಊರಿನ ಮುಂದೆ ಅಂಚು ಕಟ್ಟಿದ ಊರು ಸಪ್ಪೆಯಾಗಿ ಕಂಡಿತೇನೋ. ನನಗೆ ಹಾಗೆ ಕಾಣುವುದಿಲ್ಲ. ಇಲಿ ಹತ್ತದಂತೆ ಕಂಬಕ್ಕೆ ಹಲಗೆ ಸಿಕ್ಕಿಸಿದವನ ಬುದ್ಧಿ ಕೋಟೆ ಕಟ್ಟಿದವನ ಬುದ್ಧಿಗಿಂತ ಕಡಿಮೆಯದಲ್ಲ.

ಮರವಂತೂ ಹಟದಿಂದ ಉಳಿದಿದೆ. ನೀರಿನಡಿ ಗಾಳಿ ತಾಗದೆ ಇದ್ದದ್ದರಿಂದ ಎರಡು ಸಾವಿರ ವರ್ಷ ಕೊಳೆಯಲಿಲ್ಲ. ಹೊರಗೆ ತೆಗೆದ ಗಳಿಗೆಯಿಂದ ಅದಕ್ಕೆ ಅಪಾಯ. ನೀರೇ ಅದರ ಮೈ ಹಿಡಿದಿಟ್ಟಿರುತ್ತದೆ, ಆರಿದರೆ ಮರ ಮುರುಟಿ ಸೀಳುತ್ತದೆ. ನೀರಿನ ಜಾಗಕ್ಕೆ ಮೇಣದಂಥ ಪಾಲಿಎಥಿಲೀನ್ ಗ್ಲೈಕಾಲ್ ತುಂಬಿ ಮರವನ್ನು ಕಾಪಾಡುವ ವಿಧಾನ 1947ರಲ್ಲಿ ಇನ್ನೂ ಬಂದಿರಲಿಲ್ಲ. ಗಾಜಿನ ಹಿಂದೆ ಈಗ ಕಾಣುವ ಒಂದೊಂದು ಗುದ್ದಲಿಯ ಹಿಂದೆ ಅದನ್ನು ಒಣಗಲು ಬಿಡದೆ ಕಾದ ಯಾರದೋ ಕೈ ಇದೆ.

ಕೆಳಗಿನ ಗದ್ದೆಯಲ್ಲಿ ವರ್ಷ ವರ್ಷ ಕೆಂಪಕ್ಕಿಯ ಭತ್ತ ನೆಡುತ್ತಾರೆ. ಮಕ್ಕಳು ಬಂದು ಮರದ ಕೋಲು ಉಜ್ಜಿ ಬೆಂಕಿ ಎಬ್ಬಿಸುತ್ತಾರೆ, ಒನಕೆ ಹಿಡಿದು ಕುಟ್ಟುತ್ತಾರೆ. ಒಳ್ಳೆಯ ಕೆಲಸ. ಆ ಮಕ್ಕಳ ಮೇಲೆ, ಅವರಿಗೆ ಕಲಿಸುವವರ ಮೇಲೆ ನನಗೆ ಪ್ರೀತಿಯಿದೆ. ಆದರೂ ಒಂದು ಮಧ್ಯಾಹ್ನ ಹಿಡಿದ ಒನಕೆಗೂ ಬದುಕಿಡೀ ಹಿಡಿದ ಒನಕೆಗೂ ಇರುವ ದೂರವನ್ನು ಅಳೆಯುವುದು ಹೇಗೆ? ಅಂಗೈಯ ಜಡ್ಡು ಚೀಟಿಯಲ್ಲಿ ಬರೆಯಲು ಬರುವುದಿಲ್ಲ.

ಹೊರಡುವಾಗ ಆ ಅಜ್ಜ ಬಾಗಿಲಲ್ಲಿ ಮತ್ತೆ ಸಿಕ್ಕರು. ಕನ್ನಡದಲ್ಲೇ ನಮಸ್ಕಾರ ಅಂದೆ, ಅವರು ತಲೆಬಾಗಿಸಿದರು. ಅವರ ಊರು ಯಾವುದು, ಆ ಮೆಟ್ಟನ್ನು ಅವರ ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಕಟ್ಟಲು ಕಲಿಸಿದವರು ಯಾರು, ಇದನ್ನೆಲ್ಲ ಕೇಳುವ ಭಾಷೆ ನನ್ನಲ್ಲಿರಲಿಲ್ಲ. ಕೇಳುವ ಭಾಷೆ ಇದ್ದ ಮೊಮ್ಮಗ ಮುಂದೆ ಮುಂದೆ ಓಡುತ್ತಿದ್ದ.

ಮನೆಗೆ ಬಂದ ಮೇಲೆ ನಮ್ಮ ಅಟ್ಟ ಹತ್ತಿದೆ. ನೊಗ, ಮರದ ಕೊಳಗ, ಹಲ್ಲು ಮುರಿದ ಹಲುಬೆ ಸಿಕ್ಕಿದವು. ಜೊತೆಗೆ ಎರಡು ತೂತಿನ ಒಂದು ಬಾಗಿದ ಮರ. ಅದು ಏನು, ಯಾವುದಕ್ಕೆ ಎಂದು ನನಗೆ ಗೊತ್ತಾಗಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಅಪ್ಪ ಇಲ್ಲ. ಓಣಿಯ ಕೊನೆಯ ಮನೆಯ ಅಜ್ಜಿಯ ಹತ್ತಿರ ತೆಗೆದುಕೊಂಡು ಹೋದೆ. ಅವರು ಕಣ್ಣು ಕಿರಿದು ಮಾಡಿ, ಕೈಯಿಂದ ಸವರಿ, ಇಂಥದು ನಮ್ಮ ಮಾವನ ಹತ್ತಿರ ಇತ್ತು ಅಂದರು. ಹೆಸರು ನಾಲಿಗೆ ತುದಿಗೆ ಬಂತು, ಹೊರಗೆ ಬರಲಿಲ್ಲ.

ನಿಮ್ಮ ಅಟ್ಟದಲ್ಲೂ ಏನಾದರೂ ಇದ್ದರೆ, ಅದನ್ನು ಹಿಡಿದು ದುಡಿದವರು ಮನೆಯಲ್ಲಿ ಇನ್ನೂ ಇದ್ದರೆ, ಈ ವಾರವೇ ಕೆಳಗೆ ಇಳಿಸಿ ಅವರ ಕೈಗೆ ಕೊಡಿ. ಹೆಸರು ಕೇಳಿ ಬರೆದುಕೊಳ್ಳಿ. ಹಿಡಿಯುವುದು ಹೇಗೆಂದು ತೋರಿಸಲು ಹೇಳಿ, ನೀವೂ ಒಮ್ಮೆ ಹಿಡಿಯಿರಿ.